ಡೆಬಿಯನ್ ಐಎಸ್‌ಒ ಸ್ವೀಡನ್ನಿನಿಂದ ಬಂದರೆ ನಂಬಬಹುದೇ?

ಪ್ರಶ್ನೆ: ನಾನು ಪದವಿ ಕಾಲೇಜೊಂದರ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುತ್ತೇನೆ. ಅಲ್ಲಿನ ಯಂತ್ರಗಳಿಗೆಲ್ಲ ಡೆಬಿಯನ್ ಎಂಬ ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆ ಹಾಕಬೇಕೆಂದು ಅದರ ಅಧಿಕೃತ ಜಾಲತಾಣದಲ್ಲಿ ಡೌನ್‌ಲೋಡ್ ಒತ್ತಿದರೆ ಐಎಸ್‌ಒ ಫೈಲು (ಸ್ಥಾಪನೆಯ ಡಿಸ್ಕಿನ ಪೂರ್ತಿ ಪ್ರತಿ) ಸ್ವೀಡನ್ನಿನ ಯಾವುದೋ ವಿಳಾಸದಿಂದ ಬರುತ್ತದೆ. ಜೊತೆಗೆ ‘ಎಸ್‌ಎಚ್‌ಎ512ಸಮ್ಸ್’ ಎಂಬ ಫೈಲೂ, ಅದೇ ಹೆಸರಿಗೆ ‘ಸೈನ್’ ಸೇರಿದ ಇನ್ನೊಂದು ಫೈಲೂ ಇವೆ. ಈ ಐಎಸ್‌ಒ ನಂಬಬಹುದೇ? ಆ ಎರಡು ಫೈಲುಗಳು ಏತಕ್ಕೆ?

ಉತ್ತರ: ನಂಬಬಹುದು. ಆದರೆ ಆ ನಂಬಿಕೆಗೆ ಆಧಾರವಾಗಬೇಕಾದದ್ದು ‘ಸೈನ್’ ಸೇರಿದ ಆ ಪುಟ್ಟ ಫೈಲು. ವಿಳಾಸ ಯಾವ ದೇಶದ್ದು ಎಂಬುದು ಮುಖ್ಯವಲ್ಲ.

ಡೆಬಿಯನ್ ಸ್ವಯಂಸೇವಕರ ಯೋಜನೆ. ಲೋಕದ ಎಲ್ಲೆಡೆಯಿಂದ ಬರುವ ಡೌನ್‌ಲೋಡ್ ಹೊರೆಯನ್ನು ಅದು ವಿಶ್ವವಿದ್ಯಾಲಯಗಳೂ ಇಂಟರ್ನೆಟ್ ಸಂಸ್ಥೆಗಳೂ ತಮ್ಮ ಖರ್ಚಿನಲ್ಲಿ ನಡೆಸುವ ಮಿರರ್ ಸರ್ವರುಗಳಿಗೆ (ಅವೇ ಫೈಲುಗಳ ಪ್ರತಿ ಇಟ್ಟುಕೊಂಡು ಕೊಡುವ ಸರ್ವರುಗಳಿಗೆ) ಹಂಚಿದೆ. ನೀವು ಕಂಡದ್ದು ಬಹುಶಃ ಉಮೆಯೊ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಕಂಪ್ಯೂಟರ್ ಸಂಘದ ಸರ್ವರು. ಡೆಬಿಯನ್ನಿನ ಸಿ.ಡಿ. ಇಮೇಜುಗಳನ್ನು ಆ ಸಂಘ ಬಹುಕಾಲದಿಂದ ಹಂಚುತ್ತಿದೆ. ವಿದ್ಯಾರ್ಥಿಗಳು ಹೊತ್ತಿರುವ ಈ ಜವಾಬ್ದಾರಿಯ ಬಗ್ಗೆ ನನಗೆ ತುಂಬ ಗೌರವವಿದೆ.

ಮೊದಲ ಫೈಲಿನಲ್ಲಿರುವುದು ಪ್ರತಿ ಐಎಸ್‌ಒಗೆ ಲೆಕ್ಕ ಹಾಕಿದ 128 ಅಕ್ಷರಗಳ ಹ್ಯಾಶ್, ಅಂದರೆ ಫೈಲು ಸ್ವಲ್ಪ ಬದಲಾದರೂ ಬೇರೆಯಾಗಿಬಿಡುವ ಗುರುತು. ನಿಮಗೆ ಬಂದ ಫೈಲಿಗೆ ‘ಎಸ್‌ಎಚ್‌ಎ512ಸಮ್’ ಆಜ್ಞೆ ಕೊಟ್ಟಾಗ ಅದೇ ಸಾಲು ಬಂದರೆ, ಡೌನ್‌ಲೋಡ್ ಆಗುವಾಗ ಏನೂ ಕೆಟ್ಟಿಲ್ಲವೆಂದು ತಿಳಿಯಬಹುದು. ಇದರಿಂದ ತಿಳಿಯುವುದು ಅಷ್ಟೇ. 2016ರ ಫೆಬ್ರುವರಿಯಲ್ಲಿ ಲಿನಕ್ಸ್ ಮಿಂಟ್ ಎಂಬ ಇನ್ನೊಂದು ಲಿನಕ್ಸ್ ವ್ಯವಸ್ಥೆಯ ಜಾಲತಾಣಕ್ಕೆ ನುಗ್ಗಿದವರು 17.3 ಸಿನಮನ್ ಆವೃತ್ತಿಯ ಡೌನ್‌ಲೋಡ್ ಕೊಂಡಿಯನ್ನೇ ಬದಲಿಸಿ, ಹಿಂಬಾಗಿಲು (ಗುಟ್ಟಾಗಿ ಒಳನುಗ್ಗುವ ದಾರಿ) ಸೇರಿಸಿದ ಐಎಸ್‌ಒ ಇದ್ದ ಬೇರೊಂದು ಸರ್ವರಿಗೆ ಜನರನ್ನು ಕಳಿಸಿದರು. ಕೊಂಡಿ ಬದಲಿಸಬಲ್ಲವರಿಗೆ ಅದರ ಪಕ್ಕದ ಹ್ಯಾಶ್ ಬದಲಿಸುವುದು ಕಷ್ಟವಲ್ಲ.

ಎರಡನೆಯ ಫೈಲು ಬೇಕಾಗುವುದು ಇದಕ್ಕೇ. ಹ್ಯಾಶ್ ಪಟ್ಟಿಗೆ ಡೆಬಿಯನ್ನಿನ ಖಾಸಗಿ ಕೀಲಿಯಿಂದ ಹಾಕಿದ ಡಿಜಿಟಲ್ ಸಹಿ ಅದರಲ್ಲಿದೆ. ಆ ಕೀಲಿ ಯಾವ ಮಿರರಿನಲ್ಲೂ ಇರುವುದಿಲ್ಲವಾದ್ದರಿಂದ ಮಿರರ್ ನಡೆಸುವವರು ಮನಸ್ಸು ಮಾಡಿದರೂ ಸಹಿಯನ್ನು ನಕಲು ಮಾಡಲಾರರು. ‘ಜಿಪಿಜಿ’ ಎಂಬ ತಂತ್ರಾಂಶದಿಂದ ಸಹಿಯನ್ನು ಪರಿಶೀಲಿಸುವ ಮುನ್ನ, ಆ ಖಾಸಗಿ ಕೀಲಿಯ ಜೋಡಿಯಾದ ಸಾರ್ವಜನಿಕ ಕೀಲಿಯ 40 ಅಕ್ಷರಗಳ ಫಿಂಗರ್‌ಪ್ರಿಂಟನ್ನು ಡೆಬಿಯನ್ ಜಾಲತಾಣದಲ್ಲಿರುವುದರೊಂದಿಗೆ ಪೂರ್ತಿಯಾಗಿ ಹೋಲಿಸಿರಿ. ಸಾಧ್ಯವಾದರೆ, ಈಗಾಗಲೇ ಡೆಬಿಯನ್ ಇರುವ ಬೇರೊಂದು ಯಂತ್ರದ ‘ಡೆಬಿಯನ್-ಕೀರಿಂಗ್’ ಪ್ಯಾಕೇಜಿನಿಂದಲೂ ತಾಳೆ ನೋಡಿರಿ. ಕೊನೆಯ ಎಂಟು ಅಕ್ಷರಗಳು ಹೊಂದಿದರೆ ಸಾಕೆಂದು ಬಿಡಬಾರದು. ಅಷ್ಟು ಮಾತ್ರ ಹೊಂದುವ ಸುಳ್ಳು ಕೀಲಿಯನ್ನು ಸೃಷ್ಟಿಸುವುದು ಸುಲಭ. ‘ಗುಡ್ ಸಿಗ್ನೇಚರ್’ ಎಂಬ ಸಾಲಿನ ಕೆಳಗೆ, ಈ ಕೀಲಿಗೆ ನಂಬಲರ್ಹ ಸಹಿಯ ದೃಢೀಕರಣವಿಲ್ಲ ಎಂಬ ಎಚ್ಚರಿಕೆಯೂ ಬರುತ್ತದೆ. ಅದನ್ನು ಕಂಡು ಗಾಬರಿಯಾಗಬೇಕಿಲ್ಲ. ಆ ಕೀಲಿ ಇಂಥವರದೇ ಎಂದು ನಿಮ್ಮ ಯಂತ್ರಕ್ಕೆ ಯಾರೂ ಹೇಳಿಲ್ಲವೆಂಬುದಷ್ಟೇ ಅದರ ಅರ್ಥ, ಮತ್ತು ಫಿಂಗರ್‌ಪ್ರಿಂಟ್ ಹೋಲಿಸಿದಾಗ ಆ ಕೆಲಸವನ್ನು ನೀವೇ ಮಾಡಿರುತ್ತೀರಿ.

ಸಹಿಗೂ ಒಂದು ಮಿತಿಯಿದೆ. ಅದು ಯಾರು ಕೊಟ್ಟರೆಂದು ಹೇಳುತ್ತದೆ, ಒಳಗೇನಿದೆಯೆಂದು ಹೇಳುವುದಿಲ್ಲ. 2024ರ ಮಾರ್ಚ್‌ನಲ್ಲಿ ಬಯಲಾದ ‘ಎಕ್ಸ್‌ಝಡ್ ಯುಟಿಲ್ಸ್’ (ಫೈಲು ಕುಗ್ಗಿಸುವ ತಂತ್ರಾಂಶ) ಪ್ರಕರಣದಲ್ಲಿ, ಹಿಂಬಾಗಿಲು ಅಡಗಿದ್ದ 5.6.0 ಮತ್ತು 5.6.1 ಬಿಡುಗಡೆಗಳಿಗೆ ಸಹಿ ಹಾಕಿದ್ದು ಯೋಜನೆಯ ವಿಶ್ವಾಸ ಗಳಿಸಿದ್ದ ಸಹ-ನಿರ್ವಾಹಕನೇ. ಹಿಂಬಾಗಿಲನ್ನು ಸಕ್ರಿಯಗೊಳಿಸುವ ಸ್ಕ್ರಿಪ್ಟು ಬಿಡುಗಡೆಯ ಟಾರ್‌ಬಾಲಿನಲ್ಲಿ (ಆಕರ ಫೈಲುಗಳ ಕಟ್ಟಿನಲ್ಲಿ) ಇತ್ತು, ಆಕರ ಸಂಕೇತ ಎಲ್ಲರಿಗೂ ಕಾಣುವ ಗಿಟ್ ಭಂಡಾರದಲ್ಲಿರಲಿಲ್ಲ. ದೂರದ ಯಂತ್ರದೊಳಗೆ ಹೋಗಲು ಬಳಸುವ ಎಸ್‌ಎಸ್‌ಎಚ್ ಲಾಗಿನ್ ಅರ್ಧ ಸೆಕೆಂಡಿನಷ್ಟು ನಿಧಾನವಾದದ್ದರ ಕಾರಣ ಹುಡುಕುತ್ತ ಹೋದ ಎಂಜಿನಿಯರ್ ಆಂಡ್ರೆಸ್ ಫ್ರಾಯಂಡ್ ಅದನ್ನು ಪತ್ತೆಹಚ್ಚಿದರು. ಆ ಹೊತ್ತಿಗೆ ಅದು ಡೆಬಿಯನ್ನಿನ ಪರೀಕ್ಷಾ ಶಾಖೆಗಳನ್ನು ಸೇರಿತ್ತು, ಸ್ಥಿರ ಆವೃತ್ತಿಯನ್ನು ಮುಟ್ಟಿರಲಿಲ್ಲ. ಆದ್ದರಿಂದ ಲ್ಯಾಬಿಗೆ ಸ್ಥಿರ ಆವೃತ್ತಿಯನ್ನೇ ಹಾಕಿರಿ.

ಐಎಸ್‌ಒ ಪರಿಶೀಲನೆಯನ್ನು ಒಮ್ಮೆ ಮಾಡಿದರೆ ಸಾಕು. ಅದೇ ಪೆನ್‌ಡ್ರೈವಿನಿಂದ ಎಲ್ಲ ಯಂತ್ರಗಳಿಗೂ ಹಾಕಬಹುದು. ಮುಂದಿನ ಅಪ್‌ಡೇಟುಗಳ ಪರಿಶೀಲನೆಯನ್ನು ಡೆಬಿಯನ್ನಿನ ಪ್ಯಾಕೇಜ್ ಸ್ಥಾಪಕ ‘ಆಪ್ಟ್’ ತಾನೇ ಮಾಡುತ್ತದೆ: ಮಿರರಿನ ‘ರಿಲೀಸ್’ ಫೈಲಿಗೆ ಸಹಿಯಿದೆ, ಅದರೊಳಗೆ ಪ್ಯಾಕೇಜ್ ಪಟ್ಟಿಗಳ ಹ್ಯಾಶ್ ಇದೆ, ಆ ಪಟ್ಟಿಗಳಲ್ಲಿ ಒಂದೊಂದು ಪ್ಯಾಕೇಜಿನ ಹ್ಯಾಶ್ ಇದೆ. ಹೀಗಾಗಿ ಇಂಟರ್ನೆಟ್ ಉಳಿಸಲು ಲ್ಯಾಬಿನ ಒಂದು ಯಂತ್ರದಲ್ಲಿ ‘ಆಪ್ಟ್-ಕ್ಯಾಚರ್-ಎನ್‌ಜಿ’ ಹಾಕಿ ಮಿಕ್ಕವು ಅದರಿಂದಲೇ ಪ್ಯಾಕೇಜು ಪಡೆಯುವಂತೆ ಮಾಡಿದರೂ, ಪ್ರತಿ ಯಂತ್ರವೂ ಡೆಬಿಯನ್ನಿನ ಸಹಿಯನ್ನು ಸ್ವತಃ ನೋಡಿಯೇ ಸ್ಥಾಪಿಸುತ್ತದೆ.