ವಿಮೆ ಇಲ್ಲದ ಬಡವರಿಗೆ ಪಾಲಿಕೆ, ಪಂಚಾಯಿತಿಗಳು ಕೂಡಿ ಚಿಕಿತ್ಸೆ ಕೊಡಿಸುವ ವ್ಯವಸ್ಥೆ ಕಲಬುರಗಿಯಲ್ಲಿ ಇದೆಯೇ?

ನಿಮ್ಮ ಪಕ್ಕದ ಮನೆಯವರು ಯಾದಗಿರಿ ಕಡೆಯಿಂದ ಬಂದು ಇಲ್ಲಿ ಹೋಟೆಲ್ ಕೆಲಸ ಮಾಡುತ್ತಾರೆ, ವಿಮೆ ಇಲ್ಲ, ಅಂಥವರಿಗೆ ಸ್ಥಳೀಯ ಸಂಸ್ಥೆಗಳೆಲ್ಲ ಸೇರಿ ಏನಾದರೂ ಮಾಡುತ್ತವೆಯೇ ಎಂದು ಕೇಳಿದ್ದೀರಿ. ಹಾಗೆ ಎಲ್ಲರೂ ಕೂಡಿ ನಡೆಸುವ ಒಂದೇ ಯೋಜನೆ ಇಲ್ಲರೀ. ಆದರೆ ತುಂಡು ತುಂಡಾಗಿ ಬಹಳಷ್ಟು ಇದೆ. ಆಳಂದ ತಾಲ್ಲೂಕಿನ ಒಂದು ಗ್ರಾಮ ಪಂಚಾಯಿತಿಯಲ್ಲಿ ಸದಸ್ಯನಾಗಿದ್ದವನು ನಾನು, ಪ್ರಾಥಮಿಕ ಆರೋಗ್ಯ ಕೇಂದ್ರದ (ಪಿಎಚ್‌ಸಿ) ಉಸ್ತುವಾರಿ ನೋಡುವ ಆರೋಗ್ಯ ರಕ್ಷಾ ಸಮಿತಿಯಲ್ಲೂ ಕೂತಿದ್ದೆ. ಅಲ್ಲಿಂದ ಕಂಡಷ್ಟು ಹೇಳುತ್ತೇನೆ.

ಮೊದಲಿಗೆ, "ವಿಮೆ ಇಲ್ಲ" ಅನ್ನುವ ಎಷ್ಟೋ ಮಂದಿಗೆ ಅದು ಇದ್ದೇ ಇರುತ್ತದೆ. ಬಿಪಿಎಲ್ ಅಥವಾ ಅಂತ್ಯೋದಯ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ, ಕಂತು ಕಟ್ಟುವುದಿಲ್ಲ. ಬಿಪಿಎಲ್ ಇಲ್ಲದವರಿಗೂ ಪ್ಯಾಕೇಜ್ ದರದ ಶೇ 30ರಷ್ಟನ್ನು ಸರ್ಕಾರ ಕೊಡುತ್ತದೆ, ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯಲ್ಲಿ. ಇದಕ್ಕೂ ಮುಂಚೆ ಬಿಪಿಎಲ್‌ನವರಿಗೆಂದು ರಾಜ್ಯ ಸರ್ಕಾರ ತಂದ ವಾಜಪೇಯಿ ಆರೋಗ್ಯಶ್ರೀ ಯೋಜನೆ 2010ರಲ್ಲಿ ಮೊದಲು ಶುರುವಾದದ್ದೇ ನಮ್ಮ ಕಲಬುರಗಿ ವಿಭಾಗದಲ್ಲಿ. ಆದರೂ ನಮ್ಮ ಮಂದಿಗೆ ಇದರ ದಾರಿ ಇನ್ನೂ ಪೂರ್ತಿ ಗೊತ್ತಿಲ್ಲ.

ದಾರಿ ಏನೆಂದರೆ, ತುರ್ತು ಇಲ್ಲದಿದ್ದರೆ ಮೊದಲು ಸರ್ಕಾರಿ ದವಾಖಾನೆಗೇ ಹೋಗಬೇಕು. ಅಲ್ಲಿ ಆಗದ ಚಿಕಿತ್ಸೆಗೆ ರೆಫರಲ್ ಚೀಟಿ ಬರೆದುಕೊಟ್ಟರೆ ಮಾತ್ರ ಯೋಜನೆಗೆ ಸೇರಿದ ಖಾಸಗಿ ಆಸ್ಪತ್ರೆಯಲ್ಲಿ ಕಾರ್ಡ್ ನಡೆಯುತ್ತದೆ. ನಮ್ಮೂರಿನ ಒಬ್ಬ ಹಮಾಲ ಹರ್ನಿಯಾ ಆಪರೇಷನ್ನಿಗೆ ನೇರ ಒಂದು ನರ್ಸಿಂಗ್ ಹೋಮಿಗೆ ಹೋದ. ಬಿಪಿಎಲ್ ಕಾರ್ಡ್ ಕಿಸೆಯಲ್ಲೇ ಇತ್ತು. ಅದನ್ನು ತೋರಿಸಿದಾಗ "ಚೀಟಿ ಎಲ್ಲಿ?" ಅಂದರು. ತೊಗರಿ ರಾಶಿ ಮುಗಿದ ಮೇಲೆ ಕೊಡುತ್ತೇನೆಂದು ಬಡ್ಡಿಗೆ ರೊಕ್ಕ ತಂದು ಕಟ್ಟಿದ. ಅದೇ ಆಪರೇಷನ್ ಸರ್ಕಾರಿ ಆಸ್ಪತ್ರೆಯಲ್ಲೇ ಆಗುತ್ತಿತ್ತು.

ಇನ್ನು ಸ್ಥಳೀಯ ಸಂಸ್ಥೆಗಳ ಮಾತು. ಪಿಎಚ್‌ಸಿ, ತಾಲ್ಲೂಕು ಆಸ್ಪತ್ರೆ ಜಿಲ್ಲಾ ಪಂಚಾಯಿತಿ ಕಡೆ. ಕಲಬುರಗಿಯ ಜಿಮ್ಸ್, ಬೀದರಿನ ಬ್ರಿಮ್ಸ್, ಯಾದಗಿರಿಯ ಯಿಮ್ಸ್ ಎಂಬ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗಳು ವೈದ್ಯಕೀಯ ಶಿಕ್ಷಣ ಇಲಾಖೆ ಕಡೆ. ನಗರದಲ್ಲಿ 'ನಮ್ಮ ಕ್ಲಿನಿಕ್' ಹೆಸರಿನ ಸಣ್ಣ ಸರ್ಕಾರಿ ದವಾಖಾನೆಗಳು. ದೊಡ್ಡ ಕಟ್ಟಡಗಳಿಗೆ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಅನುದಾನ. ಈ ಭಾಗಕ್ಕೆ ವಿಶೇಷ ಸ್ಥಾನ ಕೊಟ್ಟ ಸಂವಿಧಾನದ 371(ಜೆ) ವಿಧಿಯ ನೆನಪಿಗೆ 371 ಹಾಸಿಗೆಯ ಜಯದೇವ ಹೃದ್ರೋಗ ಆಸ್ಪತ್ರೆ 2024ರ ಕೊನೆಗೆ ಇಲ್ಲಿ ತೆರೆದದ್ದು ಹಾಗೆಯೇ. ಹೃದಯದ ತೊಂದರೆಗೆ ಸೊಲ್ಲಾಪುರ, ಹೈದರಾಬಾದ್ ಹಿಡಿಯುತ್ತಿದ್ದವರಿಗೆ ಅದು ಎಷ್ಟು ದೊಡ್ಡದು ಅಂತ ಬೆಂಗಳೂರಿನವರಿಗೆ ಹೇಳಿದರೆ ತಿಳಿಯಲಿಕ್ಕಿಲ್ಲ. 15ನೇ ಹಣಕಾಸು ಆಯೋಗ ಕೂಡ 2021–26ಕ್ಕೆ ದೇಶದ ಸ್ಥಳೀಯ ಸಂಸ್ಥೆಗಳ ಮೂಲಕ ಆರೋಗ್ಯಕ್ಕೆಂದೇ 70,051 ಕೋಟಿ ರೂಪಾಯಿ ಶಿಫಾರಸು ಮಾಡಿತ್ತು.

ಕೆಳಗೆ ಬಂದಂತೆ ಚಿತ್ರ ಬೇರೆ. ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಗೆ ವರ್ಷಕ್ಕೆ 10,000 ರೂಪಾಯಿ. ನಮ್ಮ ಸಭೆ ಅಂಗನವಾಡಿಯಲ್ಲಿ, ಮಕ್ಕಳ ಊಟ ಮುಗಿದ ಮೇಲೆ. ಬ್ಲೀಚಿಂಗ್ ಪೌಡರ್, ಚರಂಡಿ, ಒಂದಿಷ್ಟು ಗೋಡೆ ಬರಹ ಅನ್ನುವುದರಲ್ಲೇ ರೊಕ್ಕ ಮುಗಿಯುತ್ತಿತ್ತು. ಆದರೆ ಮನೆ ಮನೆಗೆ ಹೋಗುವ ಆರೋಗ್ಯ ಕಾರ್ಯಕರ್ತೆ ಆಶಾ ಅಕ್ಕನ ನೋಟ್‌ಬುಕ್ ಮಾತ್ರ ಬಂಗಾರದಂಥದ್ದು. ಯಾರಿಗೆ ಬಿಪಿ, ಯಾರಿಗೆ ಶುಗರ್, ಯಾರ ಮನೆ ಸೊಸೆಗೆ ಎಷ್ಟನೇ ತಿಂಗಳು, ಯಾರು ಟಿಬಿ ಗುಳಿಗೆ ನಡುವೆ ಬಿಟ್ಟರು, ಎಲ್ಲ ಅದರಲ್ಲಿ.

ಆ ಮನೆಯವರು ಗುಳೆ ಹೋದರೆ ನೋಟ್‌ಬುಕ್ ಊರಲ್ಲೇ ಉಳಿಯುತ್ತದೆ. ಕಲಬುರಗಿಯ ಬಾಡಿಗೆ ಖೋಲಿಗೆ ಬಂದವರನ್ನು ಇಲ್ಲಿಯ ಆಶಾ ಎದುರಿಗೆ ಸಿಕ್ಕರೆ ಬರೆದುಕೊಳ್ಳುತ್ತಾರೆ, ಇಲ್ಲವಾದರೆ ಇಲ್ಲ. ಬಸುರಿನ ತಪಾಸಣೆ ಬರೆದಿಡುವ ತಾಯಿ ಕಾರ್ಡನ್ನು ಊರಿನ ಟ್ರಂಕಿನಲ್ಲಿ ಬಿಟ್ಟು ಬಂದ ಬಸುರಿಯರನ್ನು ನಾನೇ ನೋಡಿದ್ದೇನೆ. ಸ್ಥಳೀಯ ಸಂಸ್ಥೆಗಳು ನಿಜವಾಗಿ ಕೂಡಬೇಕಾದ ಜಾಗ ಇದೇ ಅಂತ ನನ್ನ ಅಭಿಪ್ರಾಯ. ಹೊಸ ಯೋಜನೆ ಬೇಡ. ಊರ ಪಂಚಾಯಿತಿ "ಈ ಮನೆ ನಿಮ್ಮ ವಾರ್ಡಿಗೆ ಬಂದಿದೆ" ಅಂತ ನಗರಕ್ಕೆ ತಿಳಿಸುವ ಪದ್ಧತಿ ಬೇಕು. ಯೋಜನೆಯ ಕಾರ್ಡ್ ಆಸ್ಪತ್ರೆಗೆ ಸೇರಿದರೆ ಕೆಲಸಕ್ಕೆ ಬರುತ್ತದೆ. ದಿನಾ ನುಂಗುವ ಬಿಪಿ ಗುಳಿಗೆಗೆ, ಬಸ್ ಚಾರ್ಜಿಗೆ, ಮುರಿದ ಕೂಲಿಗೆ ಬರುವುದಿಲ್ಲ.

ನಿಮ್ಮ ಪಕ್ಕದವರಿಗೆ ಸದ್ಯಕ್ಕೆ ಇಷ್ಟು ಹೇಳಿ. ಸಣ್ಣಪುಟ್ಟ ಜಡ್ಡಿಗೆ, ಬಿಪಿ, ಶುಗರಿಗೆ ಹತ್ತಿರದ ನಮ್ಮ ಕ್ಲಿನಿಕ್; ತಪಾಸಣೆ, ಗುಳಿಗೆ ಪುಕ್ಕಟೆ. ದೊಡ್ಡದಿದ್ದರೆ ಆಧಾರ್, ರೇಷನ್ ಕಾರ್ಡ್ ಹಿಡಿದು ಜಿಮ್ಸ್‌ಗೆ ಹೋಗಿ, ಈ ಯೋಜನೆಯ ರೋಗಿಗಳಿಗೆ ನೆರವಾಗುವ ಆರೋಗ್ಯ ಮಿತ್ರರನ್ನು ಹುಡುಕಲಿ. ರೇಷನ್ ಕಾರ್ಡ್ ಯಾದಗಿರಿಯದಾದರೂ ಅಡ್ಡಿಯಿಲ್ಲ.

ಇನ್ನೊಂದು ಮಾತು, ಇದನ್ನು ಯಾರೂ ಹೇಳುವುದಿಲ್ಲ. ಆ ಹೋಟೆಲಿನಲ್ಲಿ ಹತ್ತು ಅಥವಾ ಹೆಚ್ಚು ಮಂದಿ ಕೆಲಸಕ್ಕಿದ್ದು, ಸಂಬಳ ತಿಂಗಳಿಗೆ 21,000 ದಾಟದಿದ್ದರೆ ಇಎಸ್‌ಐ, ಅಂದರೆ ನೌಕರರ ರಾಜ್ಯ ವಿಮೆ, ಅನ್ವಯಿಸುತ್ತದೆ, ಇಡೀ ಕುಟುಂಬಕ್ಕೆ ಚಿಕಿತ್ಸೆ ಸಿಗುತ್ತದೆ. ಇಎಸ್‌ಐ ಆಸ್ಪತ್ರೆ ನಮ್ಮ ಕಲಬುರಗಿಯಲ್ಲೇ ಇದೆ. ಸಂಬಳದಲ್ಲಿ ಶೇ 0.75 ಹಿಡಿಯುತ್ತಿದ್ದರೆ ಅವರ ಹೆಸರಿಗೆ ಐಪಿ ನಂಬರ್, ಅಂದರೆ ವಿಮೆದಾರರ ಸಂಖ್ಯೆ, ಇರಲೇಬೇಕು. ಮಾಲೀಕರನ್ನು ಮೊದಲು ಅದನ್ನು ಕೇಳಲಿ.