ಕಾರ್ಡ್ ಕೊಳ್ಳುವ ಮುನ್ನ ರ‍್ಯಾಮ್ ಎಣಿಸಿ

ಓದುಗರ ಪ್ರಶ್ನೆಗಳಿಗೆ ಉತ್ತರ. ಈ ಬಾರಿಯ ವಿಷಯ: ಡೆಸ್ಕ್‌ಟಾಪ್ ಕಂಪ್ಯೂಟರ್‌ನ ಗ್ರಾಫಿಕ್ಸ್

ಪ್ರಶ್ನೆ: ನನ್ನದು ರೈಜೆನ್ 5 5600ಜಿ ಪ್ರಾಸೆಸರ್, 8 ಜಿಬಿಯ ಒಂದೇ ರ‍್ಯಾಮ್. ಗ್ರಾಫಿಕ್ಸ್ ಕಾರ್ಡ್ ಇಲ್ಲ. ಗೇಮ್ ಆಡುವಾಗ ಚಿತ್ರ ತಡೆದು ತಡೆದು ಬರುತ್ತದೆ. ವಿಂಡೋಸ್‌ನಲ್ಲಿ ನೋಡಿದರೆ 8 ಜಿಬಿ ಪೈಕಿ 5.9 ಜಿಬಿ ಮಾತ್ರ ಬಳಕೆಗೆ ಸಿಗುತ್ತದೆ ಎಂದಿದೆ. ರ‍್ಯಾಮ್ ಕೆಟ್ಟಿದೆಯೇ? ಕಾರ್ಡ್ ಹಾಕಿಸಲೇಬೇಕೇ?

ಉತ್ತರ: ರ‍್ಯಾಮ್ ಕೆಟ್ಟಿಲ್ಲ. ಕಾಣದಿರುವ 2 ಜಿಬಿಯನ್ನು ಗ್ರಾಫಿಕ್ಸ್ ತನಗೆಂದು ಎತ್ತಿಟ್ಟುಕೊಂಡಿದೆ. ಪ್ರಾಸೆಸರ್ ಒಳಗಿರುವ ಗ್ರಾಫಿಕ್ಸ್‌ಗೆ ಸ್ವಂತ ಮೆಮೊರಿ ಇರುವುದಿಲ್ಲ. ಪ್ರಾಸೆಸರ್ ಮತ್ತು ಗ್ರಾಫಿಕ್ಸ್ ಎರಡೂ ಒಂದೇ ಬಾವಿಯಿಂದ ನೀರು ಸೇದಬೇಕು, ನಿಮ್ಮಲ್ಲಿ ಆ ಬಾವಿಗೆ ಇರುವುದು ಒಂದೇ ರಾಟೆ, ಅಂದರೆ ದತ್ತಾಂಶ ಹರಿಯುವ ಒಂದೇ ದಾರಿ. 3200 ವೇಗದ ಡಿಡಿಆರ್4 ರ‍್ಯಾಮ್ ಒಂದೇ ಇದ್ದರೆ ಸೆಕೆಂಡಿಗೆ ಹೆಚ್ಚೆಂದರೆ 25.6 ಜಿಬಿ ದತ್ತಾಂಶ ಹರಿಯುತ್ತದೆ. ಎರಡು ಹಾಕಿದರೆ 51.2 ಜಿಬಿ. ಹೋಲಿಕೆಗೆ ಹೇಳುವುದಾದರೆ, 12 ಜಿಬಿಯ ಆರ್‌ಟಿಎಕ್ಸ್ 3060 ಕಾರ್ಡ್ ತನ್ನದೇ ಮೆಮೊರಿಯಿಂದ ಸೆಕೆಂಡಿಗೆ 360 ಜಿಬಿ ಎಳೆಯುತ್ತದೆ, ಅದನ್ನೂ ಯಾರೊಂದಿಗೂ ಹಂಚಿಕೊಳ್ಳದೆ. ಒಳ ಗ್ರಾಫಿಕ್ಸ್‌ಗೂ ಕಾರ್ಡಿಗೂ ಇರುವ ಅಂತರದಲ್ಲಿ ದೊಡ್ಡ ಪಾಲು ಇದೇ. ಚಿಪ್ ಎಷ್ಟೇ ಚುರುಕಾಗಿದ್ದರೂ ದತ್ತಾಂಶ ಬರುವ ತನಕ ಸುಮ್ಮನೆ ಕಾಯಬೇಕು.

ಆದ್ದರಿಂದ ಮೊದಲು ಮಾಡಬೇಕಾದದ್ದು ಇನ್ನೊಂದು 8 ಜಿಬಿ ರ‍್ಯಾಮ್ ಹಾಕುವುದು. ಈಗಿರುವುದರ ವೇಗದ್ದೇ ಆಗಿರಲಿ. ವೇಗ ಬೇರೆಬೇರೆಯಾದರೆ ಎರಡೂ ನಿಧಾನದ್ದರ ಹೆಜ್ಜೆಗೇ ಇಳಿಯುತ್ತವೆ. ಕಂಪ್ಯೂಟರ್ ಆಫ್ ಮಾಡಿ, ವೈರ್ ಕಿತ್ತು, ಪವರ್ ಬಟನ್ ಕೆಲವು ಸೆಕೆಂಡು ಒತ್ತಿಹಿಡಿದು ಉಳಿದ ವಿದ್ಯುತ್ ಹೊರಹಾಕಿ. ನಾಲ್ಕು ಸ್ಲಾಟ್‌ಗಳ ಮದರ್‌ಬೋರ್ಡ್ ಆದರೆ ಸಾಮಾನ್ಯವಾಗಿ ಪ್ರಾಸೆಸರ್ ಕಡೆಯಿಂದ ಎಣಿಸಿ ಎರಡನೆಯ ಮತ್ತು ನಾಲ್ಕನೆಯ ಸ್ಲಾಟ್ ಬಳಸಬೇಕು. ಬೋರ್ಡ್ ಮೇಲೆ ಎ2, ಬಿ2 ಎಂದು ಮುದ್ರಿಸಿರುತ್ತಾರೆ. ಅಕ್ಕಪಕ್ಕದ ಒಂದು, ಎರಡರಲ್ಲಿ ಹಾಕಿದರೆ ಮೆಮೊರಿ 16 ಜಿಬಿ ಎಂದೇ ತೋರಿಸುತ್ತದೆ, ಆದರೆ ರಾಟೆ ಒಂದೇ ಉಳಿಯುತ್ತದೆ. ಕಂಪ್ಯೂಟರ್ ಜೋಡಿಸಿಕೊಟ್ಟವರೇ ಈ ತಪ್ಪು ಮಾಡಿರುವುದೂ ಉಂಟು.

ಆಮೇಲೆ ಮದರ್‌ಬೋರ್ಡಿನ ಮೂಲ ಸೆಟ್ಟಿಂಗ್‌ಗಳಿರುವ ಬಯಾಸ್‌ಗೆ ಹೋಗಿ ಎಕ್ಸ್‌ಎಂಪಿ (ಕೆಲವು ಬೋರ್ಡ್‌ಗಳಲ್ಲಿ ಡಿಓಸಿಪಿ) ಆನ್ ಮಾಡಿ. ಮಾಡದಿದ್ದರೆ 3200ರ ರ‍್ಯಾಮ್ 2133ರಲ್ಲೋ 2666ರಲ್ಲೋ ಓಡುತ್ತಿರಬಹುದು. ಟಾಸ್ಕ್ ಮ್ಯಾನೇಜರ್‌ನ ಮೆಮೊರಿ ಪುಟದಲ್ಲಿ ಈಗಿನ ವೇಗ ಕಾಣುತ್ತದೆ. ಗ್ರಾಫಿಕ್ಸ್‌ಗೆ ಎತ್ತಿಡುವ ಪಾಲನ್ನು ಬಯಾಸ್‌ನಲ್ಲಿ ಯುಎಂಎ ಫ್ರೇಮ್ ಬಫರ್ ಸೈಜ್ ಎಂಬಲ್ಲಿ ಬದಲಿಸಬಹುದು. 8 ಜಿಬಿಯೇ ಇರುವ ತನಕ ಅದನ್ನು 512 ಎಂಬಿಗೆ ಇಳಿಸಿ, 16 ಜಿಬಿ ಆದ ಮೇಲೆ 2 ಜಿಬಿ ಇರಲಿ. ಈ ಪಾಲು ಹೆಚ್ಚಿಸಿದರೆ ವೇಗ ಹೆಚ್ಚುತ್ತದೆ ಎಂಬ ನಂಬಿಕೆಯಲ್ಲಿ ಹುರುಳಿಲ್ಲ. ಬೇಕಾದಾಗ ವಿಂಡೋಸ್ ಉಳಿದ ರ‍್ಯಾಮ್‌ನಿಂದಲೂ ಗ್ರಾಫಿಕ್ಸ್‌ಗೆ ಕೊಡುತ್ತದೆ. ಆದರೆ ಕೆಲವು ಗೇಮ್‌ಗಳು ಶುರುವಾಗುವಾಗಲೇ ಎತ್ತಿಟ್ಟ ಪಾಲನ್ನು ನೋಡಿ ತಕರಾರು ತೆಗೆಯುತ್ತವೆ, 2 ಜಿಬಿ ಇಡುವುದು ಅದಕ್ಕೆ.

ಇಷ್ಟಾದ ಮೇಲೂ 1080ಪಿಯಲ್ಲಿ, ಕಡಿಮೆ ಸೆಟ್ಟಿಂಗ್‌ನಲ್ಲಿ ನಿಮ್ಮ ಗೇಮ್ ಸರಾಗವಾಗಿ ಓಡದಿದ್ದರೆ ಆಗ ಕಾರ್ಡಿನ ಮಾತು. ಹಾಕಿದ ರ‍್ಯಾಮ್ ಆಗಲೂ ದಂಡವಲ್ಲ. ಕಾರ್ಡ್ ಬಂದರೂ 16 ಜಿಬಿ ಬೇಕೇ ಬೇಕು.

ಪ್ರಶ್ನೆ: ಹೊಸ ಕಾರ್ಡ್ ಹಾಕಿಸಿದೆ. ಗೇಮ್‌ಗಳ ವೇಗ ಮೊದಲಿದ್ದಷ್ಟೇ ಇದೆ. ಮೋಸ ಹೋದೆನೇ?

ಉತ್ತರ: ಕಾರ್ಡನ್ನು ಬೈಯುವ ಮುನ್ನ ಕಂಪ್ಯೂಟರಿನ ಬೆನ್ನು ನೋಡಿ. ಮಾನಿಟರ್ ವೈರ್ ಇನ್ನೂ ಯುಎಸ್‌ಬಿ, ಆಡಿಯೋ ಕಿಂಡಿಗಳ ಪಕ್ಕದಲ್ಲೇ ಇದ್ದರೆ ಅದು ಮದರ್‌ಬೋರ್ಡಿಗೆ ಸಿಕ್ಕಿಸಿದ್ದು. ಸಾಮಾನ್ಯ ಟವರ್ ಕ್ಯಾಬಿನೆಟ್‌ನಲ್ಲಿ ಕಾರ್ಡಿನ ಕಿಂಡಿಗಳು ಅದಕ್ಕಿಂತ ಕೆಳಗೆ ಅಡ್ಡಸಾಲಾಗಿರುತ್ತವೆ. ಅಲ್ಲಿಗೆ ಬದಲಿಸಿ. ವೈರ್ ಹಳೆಯ ಜಾಗದಲ್ಲೇ ಇದ್ದರೆ ಗೇಮ್ ಒಳ ಗ್ರಾಫಿಕ್ಸ್‌ನಲ್ಲೇ ಓಡಬಹುದು, ಇಲ್ಲವೇ ಕಾರ್ಡ್ ಬಿಡಿಸಿದ ಪ್ರತಿ ಚಿತ್ರವೂ ಮದರ್‌ಬೋರ್ಡಿನ ಕಿಂಡಿಗೆ ನಕಲಾಗಿ ಹೋಗಬೇಕಾಗುತ್ತದೆ. ವೈರ್ ಸರಿಯಿದ್ದೂ ವೇಗ ಬಾರದಿದ್ದರೆ ಡಿವೈಸ್ ಮ್ಯಾನೇಜರ್ ತೆರೆಯಿರಿ. ಅಲ್ಲಿ ಕಾರ್ಡಿನ ಹೆಸರಿನ ಬದಲು ಮೈಕ್ರೋಸಾಫ್ಟ್ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್ ಎಂದಿದ್ದರೆ ಡ್ರೈವರ್ ಹಾಕಿಲ್ಲ ಎಂದರ್ಥ.

ಪ್ರಶ್ನೆ: ಐ3-12100 ಇದೆ. 4ಕೆ ಮಾನಿಟರ್‌ನಲ್ಲಿ ಮೌಸ್ ಎಳೆದಂತಾಗುತ್ತದೆ. ಗೇಮ್ ಆಡುವುದಿಲ್ಲ, ವಿಡಿಯೋ ನೋಡುವುದಷ್ಟೇ. ಜಿಟಿ 710 ಹಾಕಿದರೆ ಸಾಕಲ್ಲವೇ?

ಉತ್ತರ: ಬೇಡ, ದುಡ್ಡು ಕೊಟ್ಟು ಹಿಂದಕ್ಕೆ ಹೋದಂತಾಗುತ್ತದೆ. ಜಿಟಿ 710ರ ಒಳಗಿರುವುದು ಕೆಪ್ಲರ್ ಕಾಲದ ಹಳೆಯ ಚಿಪ್. ಅದಕ್ಕೆ ಎಚ್‌ಇವಿಸಿ ಎಂಬ ವಿಧಾನದಲ್ಲಿ ಕುಗ್ಗಿಸಿದ ವಿಡಿಯೋ ಬಿಡಿಸಲೂ ಬಾರದು. ನಿಮ್ಮ ಪ್ರಾಸೆಸರ್ ಒಳಗಿನ ಯುಎಚ್‌ಡಿ 730 ಎಚ್‌ಇವಿಸಿಯ ಜೊತೆಗೆ ಅದೇ ಬಗೆಯ ಎವಿ1 ಅನ್ನೂ ಬಿಡಿಸುತ್ತದೆ. ಮೌಸ್ ಎಳೆಯುತ್ತಿದೆ ಎಂದರೆ ಪರದೆ ಬಹುಶಃ ಸೆಕೆಂಡಿಗೆ 30 ಬಾರಿ ಮಾತ್ರ ಬದಲಾಗುತ್ತಿದೆ. ಎಚ್‌ಡಿಎಂಐ 1.4 ಕಿಂಡಿ 4ಕೆಯಲ್ಲಿ 30 ಹರ್ಟ್ಸ್‌ಗೇ ನಿಲ್ಲುತ್ತದೆ, 60ಕ್ಕೆ 2.0 ಬೇಕು. ಬೋರ್ಡಿನಲ್ಲಿ ಡಿಸ್‌ಪ್ಲೇಪೋರ್ಟ್ ಇದ್ದರೆ ಅದಕ್ಕೆ ಬದಲಿಸಿ, ವಿಂಡೋಸ್‌ನ ಅಡ್ವಾನ್ಸ್‌ಡ್ ಡಿಸ್‌ಪ್ಲೇಯಲ್ಲಿ 60 ಹರ್ಟ್ಸ್ ಆಯ್ದುಕೊಳ್ಳಿ. ಖರ್ಚು ಒಂದು ವೈರಿನದು.

ಪ್ರಶ್ನೆ: ಕಾರ್ಡ್ ಕೆಟ್ಟಿತೆಂದು ತೆಗೆದು ಮಾನಿಟರನ್ನು ಮದರ್‌ಬೋರ್ಡಿಗೆ ಸಿಕ್ಕಿಸಿದರೆ ಪರದೆ ಕಪ್ಪಾಗೇ ಇದೆ. ಪ್ರಾಸೆಸರ್ ಐ5-12400ಎಫ್. ಬೋರ್ಡೂ ಹೋಯಿತೇ?

ಉತ್ತರ: ಇಲ್ಲ. ಹೆಸರಿನ ಕೊನೆಯ ಎಫ್ ಎಂದರೆ ಒಳ ಗ್ರಾಫಿಕ್ಸ್ ಇಲ್ಲ. ಬೋರ್ಡಿನಲ್ಲಿರುವ ಎಚ್‌ಡಿಎಂಐ ನಿಮ್ಮ ಪಾಲಿಗೆ ಬರೀ ತೂತು. ಪರೀಕ್ಷೆಗೆ ಯಾರಿಂದಲಾದರೂ ಹಳೆಯ ಕಾರ್ಡ್ ಎರವಲು ತನ್ನಿ. ರೈಜೆನ್ 5000 ಸಾಲಿನ ಡೆಸ್ಕ್‌ಟಾಪ್ ಪ್ರಾಸೆಸರ್‌ಗಳಲ್ಲಿ ಜಿ ಅಕ್ಷರವಿರುವುದಕ್ಕೆ ಮಾತ್ರ ಒಳ ಗ್ರಾಫಿಕ್ಸ್ ಇದೆ.

ಪ್ರಶ್ನೆ: ಕಚೇರಿಯಿಂದ ಬಂದ ಹಳೆಯ ಡೆಸ್ಕ್‌ಟಾಪ್‌ಗೆ 6 ಪಿನ್ ಪವರ್ ವೈರ್ ಬೇಡುವ ಕಾರ್ಡ್ ಹಾಕಬೇಕು. ವಿದ್ಯುತ್ ಪೂರೈಸುವ ಎಸ್‌ಎಂಪಿಎಸ್‌ನಲ್ಲಿ ಆ ವೈರ್ ಇಲ್ಲ. ಹಾರ್ಡ್ ಡಿಸ್ಕ್‌ಗೆ ವಿದ್ಯುತ್ ಕೊಡುವ ಸಾಟಾ ವೈರಿನಿಂದ 6 ಪಿನ್‌ಗೆ ಬದಲಿಸುವ ಅಡಾಪ್ಟರ್ ಸಾಕೇ?

ಉತ್ತರ: ಅದನ್ನು ಮುಟ್ಟಬೇಡಿ. ಸಾಟಾ ಕನೆಕ್ಟರ್‌ನಲ್ಲಿ 12 ವೋಲ್ಟಿಗೆ ಮೂರು ಪಿನ್, ತಲಾ 1.5 ಆಂಪಿಯರ್. ಒಟ್ಟು 54 ವಾಟ್. 6 ಪಿನ್ ಕಿಂಡಿಯಿಂದ ಕಾರ್ಡ್ 75 ವಾಟ್ ತನಕ ಎಳೆಯಬಹುದು. ಗೇಮ್ ಶುರುವಾಗಿ ಸ್ವಲ್ಪ ಹೊತ್ತಿಗೆ ಕನೆಕ್ಟರ್ ಬಿಸಿಯಾಗಿ ಪ್ಲಾಸ್ಟಿಕ್ ಕರಗುವುದು ಇದರಿಂದಲೇ. ಎಸ್‌ಎಂಪಿಎಸ್ ಬದಲಿಸಿ, ಅಥವಾ ಕಾರ್ಡ್ ಕೂರುವ ಸ್ಲಾಟ್ ಕೊಡುವ 75 ವಾಟ್‌ನಲ್ಲೇ ಓಡುವ ಕಾರ್ಡ್ ಆರಿಸಿಕೊಳ್ಳಿ. ಜಿಟಿಎಕ್ಸ್ 1650ರಲ್ಲಿ ಅಂಥವು ಸಿಗುತ್ತವೆ. ಅದೇ ಹೆಸರಿನಲ್ಲಿ 6 ಪಿನ್ ಕೇಳುವವೂ ಇವೆ, ಚಿತ್ರ ನೋಡಿ ಕೊಳ್ಳಿ. ಕ್ಯಾಬಿನೆಟ್ ತೆಳುವಾಗಿದ್ದರೆ ಗಿಡ್ಡ ಪಟ್ಟಿಯ ಲೋ ಪ್ರೊಫೈಲ್ ಕಾರ್ಡೇ ಬೇಕು. ಎಸ್‌ಎಂಪಿಎಸ್ ಬದಲಿಸುವುದೇ ಆದರೆ ಇನ್ನೊಂದು ಎಚ್ಚರ: ಕಚೇರಿ ಡೆಸ್ಕ್‌ಟಾಪ್‌ಗಳ ಮದರ್‌ಬೋರ್ಡಿಗೆ ಹೋಗುವ ಪವರ್ ಕನೆಕ್ಟರ್ ಎಷ್ಟೋ ಬಾರಿ ಆ ಕಂಪನಿಯದೇ ವಿನ್ಯಾಸ. ಪಿನ್ ಎಣಿಸದೆ ಹೊಸದನ್ನು ತರಬೇಡಿ. ಪ್ರಾಸೆಸರಿನ 8 ಪಿನ್ ಮತ್ತು ಕಾರ್ಡಿನ 8 ಪಿನ್ ನೋಡಲು ಅಣ್ಣತಮ್ಮಂದಿರಂತಿದ್ದರೂ ವೈರಿಂಗ್ ಬೇರೆ, ಬಲವಂತವಾಗಿ ತುರುಕಬೇಡಿ.

ಪ್ರಶ್ನೆ: ವಿಡಿಯೋ ಎಡಿಟಿಂಗ್‌ಗೆ ಐ5-13500, ಆರ್‌ಟಿಎಕ್ಸ್ 3060 ಇದೆ. ಕಾರ್ಡ್ ಇರುವಾಗ ಒಳ ಗ್ರಾಫಿಕ್ಸ್ ಆಫ್ ಮಾಡಿದರೆ ಒಳ್ಳೆಯದೇ?

ಉತ್ತರ: ನಿಮ್ಮ ಕೆಲಸಕ್ಕೆ ಆನ್ ಇರಲಿ. ಹಲವು ಕ್ಯಾಮೆರಾಗಳು ಬಣ್ಣದ ವಿವರ ಹೆಚ್ಚು ಉಳಿಸುವ 10 ಬಿಟ್, 4:2:2 ಎಚ್‌ಇವಿಸಿಯಲ್ಲಿ ಚಿತ್ರೀಕರಿಸುತ್ತವೆ. ಆ ಫೈಲನ್ನು 3060 ತನ್ನ ಡಿಕೋಡರ್‌ನಲ್ಲಿ ಬಿಡಿಸಲಾರದು. ನಿಮ್ಮ ಪ್ರಾಸೆಸರಿನ ಒಳ ಗ್ರಾಫಿಕ್ಸ್‌ನಲ್ಲಿರುವ, ವಿಡಿಯೋ ಬಿಡಿಸುವ ಭಾಗವಾದ ಕ್ವಿಕ್ ಸಿಂಕ್ ಬಿಡಿಸುತ್ತದೆ. ಕಾರ್ಡ್ ಕಂಡೊಡನೆ ಒಳ ಗ್ರಾಫಿಕ್ಸ್ ಮಲಗಿಸುವ ಬೋರ್ಡ್‌ಗಳಿವೆ. ಬಯಾಸ್‌ನಲ್ಲಿ ಐಜಿಪಿಯು ಮಲ್ಟಿ-ಮಾನಿಟರ್ ಎನೇಬಲ್ ಮಾಡಿ, ಇಂಟೆಲ್ ಡ್ರೈವರ್ ಹಾಕಿ. ಮಾನಿಟರ್ ಕಾರ್ಡಿನಲ್ಲೇ ಇರಲಿ. ನಂತರ ಎಡಿಟಿಂಗ್ ತಂತ್ರಾಂಶದ ಹಾರ್ಡ್‌ವೇರ್ ಡಿಕೋಡಿಂಗ್ ಸೆಟ್ಟಿಂಗ್‌ನಲ್ಲಿ ಇಂಟೆಲ್ ಆಯ್ಕೆಗೆ ಗುರುತು ಹಾಕಿ. ಟೈಮ್‌ಲೈನ್ ಓಡುವಾಗ ಟಾಸ್ಕ್ ಮ್ಯಾನೇಜರ್‌ನಲ್ಲಿ ಇಂಟೆಲ್ ಗ್ರಾಫಿಕ್ಸ್‌ನ ವಿಡಿಯೋ ಡಿಕೋಡ್ ಗೆರೆ ಮೇಲೇಳುತ್ತಿದ್ದರೆ ಸೆಟ್ಟಿಂಗ್ ಹಿಡಿದಿದೆ.