ಬಿಸಿಲಿಗೆ ಜಿಪ್ಸಮ್ ಬೋರ್ಡ್ ಜಾಯಿಂಟ್ ಬಿರುಕು ಬಿಡುತ್ತಿದೆ, ಏನು ಮಾಡಬೇಕು?

ಮಂಡ್ಯದಲ್ಲಿ ಮಹಡಿ ಮೇಲಿನ ರೂಮಿಗೆ ಜಿಪ್ಸಮ್ ಬೋರ್ಡ್ ಪಾರ್ಟಿಷನ್ ಹಾಕಿಸಿದ್ದೀರಿ. ಜಾಯಿಂಟ್‌ಗೆ ಹಚ್ಚಿದ ಕಾಂಪೌಂಡ್, ಅಂದರೆ ಬೋರ್ಡುಗಳ ನಡುವಿನ ಸಂದು ಮುಚ್ಚುವ ಲೇಪ, ಮಧ್ಯಾಹ್ನಕ್ಕೇ ಒಣಗಿ, ಮಾರನೇ ದಿನ ಕೂದಲೆಳೆಯಷ್ಟು ಬಿರುಕು ಬಂದಿದೆ. ಮೆಟೀರಿಯಲ್ಲೇ ಸರಿ ಇಲ್ವಾ ಅಂತ ಕೇಳಿದ್ದೀರಿ. ಮೈಸೂರು, ಮಂಡ್ಯ ಎರಡೂ ಕಡೆ ನಾನು ಇದೇ ಕೆಲಸ ಮಾಡುವವನು. ಮೆಟೀರಿಯಲ್ ಬದಲಾಯಿಸುವ ಮೊದಲು ಇಷ್ಟು ಹೇಳಿ: ಹಚ್ಚುವಾಗ ಫ್ಯಾನ್ ಹಾಕಿದ್ದಿರಾ?

ಹಾಕಿದ್ದರೆ ಮೊದಲ ಅನುಮಾನ ಅದರ ಮೇಲೇ. ಏಪ್ರಿಲ್ ಬಿಸಿಲು, ಒಣಗಾಳಿ, ಜೊತೆಗೆ ಫ್ಯಾನ್. ಮೇಲಿನ ಪದರದ ನೀರು ಬೇಗ ಆರಿಹೋಗುತ್ತದೆ, ಒಳಗೆ ಇನ್ನೂ ಹಸಿ ಇರುತ್ತದೆ. ಮೇಲಿನದು ಕುಗ್ಗುತ್ತದೆ, ಒಳಗಿನದು ಅದರ ಜೊತೆ ಕುಗ್ಗುವುದಿಲ್ಲ, ಹಾಗಾಗಿ ಮೇಲಿನದು ಸೀಳುತ್ತದೆ. ಬೇಸಿಗೆಯಲ್ಲಿ ಕೆರೆ ಅಂಗಳ ಬಾಯಿ ಬಿಡುತ್ತದಲ್ಲ, ಹಾಗೇ. ದಪ್ಪಗೆ ಮೆತ್ತಿದಷ್ಟೂ ಬಿರುಕು ಜಾಸ್ತಿ.

ನೀವು ತಂದಿರುವುದು ಯಾವ ಜಾತಿ ಅಂತಲೂ ನೋಡಿ. ಡಬ್ಬದಲ್ಲಿ ಕಲಸಿಯೇ ಬರುವ ರೆಡಿಮಿಕ್ಸ್ ನೀರು ಆರಿ ಗಟ್ಟಿಯಾಗುತ್ತದೆ. ಚೀಲದ ಮೇಲೆ ಇಷ್ಟು ನಿಮಿಷಕ್ಕೆ ಸೆಟ್ ಆಗುತ್ತದೆ ಅಂತ ಬರೆದಿರುವ ಪುಡಿ ಬೇರೆ. ಅದರಲ್ಲಿರುವ ಪ್ಲಾಸ್ಟರ್, ಅಂದರೆ ಜಿಪ್ಸಮ್ ಕಾಯಿಸಿ ಮಾಡಿದ ಪುಡಿ, ನೀರನ್ನು ಹಿಡಿದುಕೊಂಡು ಮತ್ತೆ ಜಿಪ್ಸಮ್ ಆಗುತ್ತದೆ. ಸೆಟ್ ಆಗುವ ಮೊದಲೇ ನೀರು ಹೋಗಿಬಿಟ್ಟರೆ ಆ ಕೆಲಸ ಅರ್ಧಕ್ಕೇ ನಿಲ್ಲುತ್ತದೆ. ಕಣ್ಣಿಗೆ ಒಣಗಿದ ಹಾಗೆ ಕಾಣುತ್ತದೆ, ಒಳಗೆ ಬಲ ಇರುವುದಿಲ್ಲ.

ಇದು ನನ್ನ ಮನೆಯಲ್ಲೇ ಆಗಿದೆ. ಪಡುವಣ ಗೋಡೆ ಪಕ್ಕದ ರೂಮು. ಗೃಹಪ್ರವೇಶದ ದಿನ ಹತ್ತಿರ ಬಂದಿತ್ತು. ಬೇಗ ಆರಲಿ ಅಂತ ರಾತ್ರಿಯಿಡೀ ಫ್ಯಾನ್ ಓಡಿಸಿದೆ. ಬೆಳಿಗ್ಗೆ ಹೆಬ್ಬೆರಳಲ್ಲಿ ಉಜ್ಜಿದರೆ ಅಕ್ಕಿಹಿಟ್ಟಿನ ಹಾಗೆ ಕೈಗೆ ಬಂತು. ಉಗುರಲ್ಲಿ ತಟ್ಟಿದರೆ ಜಾಯಿಂಟ್ ಮೇಲೆ ಕೂರಿಸಿದ ಪೇಪರ್ ಟೇಪಿನ ಕೆಳಗೆ ಟೊಳ್ಳು ಸದ್ದು. ಅಷ್ಟನ್ನೂ ಕೆರೆದು ತೆಗೆದೆ.

ಈಗ ಬೇಸಿಗೆಯಲ್ಲಿ ಬೆಳಿಗ್ಗೆ ಆರಕ್ಕೆ ಶುರು ಮಾಡಿ ಹತ್ತರೊಳಗೆ ಮುಗಿಸುತ್ತೇನೆ. ಸಂಜೆ ತಂಪಲ್ವಾ ಅಂತ ಕೇಳುತ್ತಾರೆ. ಮಹಡಿ ಮೇಲಿನ ರೂಮಿಗೆ ಸಂಜೆ ಒಳ್ಳೆಯದಲ್ಲ. ದಿನವಿಡೀ ಕಾದ ಆರ್‌ಸಿಸಿ ತಾರಸಿ ರಾತ್ರಿವರೆಗೂ ಕಾವು ಬಿಡುತ್ತಲೇ ಇರುತ್ತದೆ. ಫ್ಯಾನ್ ಬಂದ್. ಬಿಸಿಲು ಬೀಳುವ ಕಿಟಕಿ ಮುಚ್ಚಿ, ಒದ್ದೆ ಗೋಣಿಚೀಲ ತೂಗು ಹಾಕುತ್ತೇನೆ. ನೆಲಕ್ಕೆ ನೀರು ಹಾಕಿ ಒರೆಸುತ್ತೇನೆ. ಗಾರೆ ಕೆಲಸದ ಕ್ಯೂರಿಂಗ್ ನೆನಪಿಟ್ಟುಕೊಂಡು ಬೋರ್ಡಿಗೇ ನೀರು ಎರಚುವವರಿದ್ದಾರೆ, ದಯವಿಟ್ಟು ಅದು ಬೇಡ. ಬೋರ್ಡಿನ ಕಾಗದ ನೆನೆದು ಎದ್ದು ಬರುತ್ತದೆ. ತಂಪು ಬೇಕಾಗಿರುವುದು ರೂಮಿನ ಗಾಳಿಗೆ.

ಪುಡಿ ಕಲಸುವ ನೀರನ್ನು ಮಧ್ಯಾಹ್ನ ತಾರಸಿ ಟ್ಯಾಂಕಿನಿಂದ ಹಿಡಿಯಬೇಡಿ. ಬಿಸಿ ನೀರಿಗೆ ಬೇಗ ಗಟ್ಟಿಯಾಗುತ್ತದೆ. ಹಿಂದಿನ ರಾತ್ರಿಯೇ ಕುಡಿಯುವ ನೀರನ್ನು ಬಕೆಟ್‌ಗೆ ತುಂಬಿ ನೆರಳಲ್ಲಿಡಿ. ನೀರಿಗೆ ಪುಡಿ ಹಾಕಬೇಕು, ಪುಡಿಗೆ ನೀರಲ್ಲ. ಎರಡು ನಿಮಿಷ ನೆನೆಯಲು ಬಿಟ್ಟು, ಗಂಟಿಲ್ಲದೆ ಗಟ್ಟಿ ಮೊಸರಿನ ಹದಕ್ಕೆ ಕಲಸಿ. ಒಂದು ಸಲಕ್ಕೆ ಹಚ್ಚಿ ಮುಗಿಸುವಷ್ಟು ಮಾತ್ರ. ಬಾಣಲಿಯಲ್ಲಿ ಗಟ್ಟಿಯಾಗಲು ಶುರುವಾದದ್ದಕ್ಕೆ ಮತ್ತೆ ನೀರು ಹಾಕಿ ಹಚ್ಚಿದರೆ ಅದು ನಿಲ್ಲುವುದಿಲ್ಲ, ಎಸೆದುಬಿಡಿ. ಬಾಣಲಿ, ಬ್ಲೇಡ್ ತೊಳೆದೇ ಮುಂದಿನದು ಕಲಸಿ. ಹಳೆಯದರ ಚೂರು ಉಳಿದಿದ್ದರೆ ಹೊಸದೂ ಬೇಗ ಕಟ್ಟಿಕೊಳ್ಳುತ್ತದೆ.

ಪೇಪರ್ ಟೇಪನ್ನು ನೀರಲ್ಲಿ ಅದ್ದಿ, ಹಿಂಡಿ, ಹಸಿ ಕಾಂಪೌಂಡಿನ ಮೇಲೆ ಕೂರಿಸಿ ಬ್ಲೇಡಿನಿಂದ ಎಳೆಯಿರಿ. ಒಣ ಟೇಪು ಈ ಸೆಕೆಯಲ್ಲಿ ಕಾಂಪೌಂಡಿನ ನೀರನ್ನೇ ಹೀರಿ ಗುಳ್ಳೆ ಏಳುತ್ತದೆ. ಆಮೇಲೆ ತೆಳ್ಳಗೆ ಎರಡು ಕೋಟ್, ಒಂದಕ್ಕಿಂತ ಒಂದು ಅಗಲವಾಗಿ. ಮೊದಲಿನದು ಪೂರ್ತಿ ಆರದೆ ಎರಡನೆಯದು ಬೇಡ. ನಡುವೆ ಭರಣಿ ಮಳೆ ಬಂದು ಗಾಳಿ ತಂಪಾದರೆ ರೆಡಿಮಿಕ್ಸ್ ಆರಲು ಇನ್ನೂ ಹೊತ್ತು ಹಿಡಿಯುತ್ತದೆ, ಕಾಯಿರಿ. ಗೋಡೆಗೆ ಹಚ್ಚುವ ವೈಟ್ ಸಿಮೆಂಟ್ ಪುಟ್ಟಿಯನ್ನು ಮಾತ್ರ ಈ ಜಾಯಿಂಟ್‌ಗೆ ತುಂಬಬೇಡಿ.

ಈಗಾಗಲೇ ಬಂದಿರುವ ಬಿರುಕಿನ ಮೇಲೆ ಸುಮ್ನೆ ಇನ್ನೊಂದು ಕೋಟ್ ಎಳೆಯಬೇಡಿ. ಉಗುರಲ್ಲಿ ತಟ್ಟುತ್ತಾ ಹೋಗಿ. ಟೊಳ್ಳು ಇರುವ ಕಡೆ ಟೇಪು ಕತ್ತರಿಸಿ, ಪುಡಿಯಾಗುವುದನ್ನೆಲ್ಲ ಕೆರೆದು, ದೂಳು ಒರೆಸಿ ಹೊಸದಾಗಿ ಮಾಡಿ. ಅಷ್ಟಾದ ಮೇಲೂ ಅದೇ ಗೆರೆಯಲ್ಲಿ ಬಿರುಕು ಬಂದರೆ, ಅದೂ ತಾರಸಿಗೆ ತಾಗುವ ಕಡೆ ಬಂದರೆ, ತಪ್ಪು ಕಾಂಪೌಂಡಿನದಲ್ಲ. ತಾರಸಿ ಬಿಸಿಲಿಗೆ ಹಿಗ್ಗಿ ರಾತ್ರಿ ಕುಗ್ಗುತ್ತದೆ. ಬೋರ್ಡನ್ನು ಅದಕ್ಕೆ ಒತ್ತಿ ಕೂರಿಸಿದ್ದಾರಾ ಅಂತ ಮೇಸ್ತ್ರಿಯನ್ನು ಕೇಳಿ. ಅಲ್ಲಿ ಸ್ವಲ್ಪ ಸಂದು ಬಿಟ್ಟು, ಬಳುಕುವ ಅಕ್ರಿಲಿಕ್ ಸೀಲಂಟ್ ತುಂಬಿಸಬೇಕು.